ಗೋಡೆಗೆ ಸಾರಣೆ ಆಗುವ ಮೊದಲು: ಅಡಿಗೆಮನೆ ಮತ್ತು ಬಟ್ಟೆ ಒಗೆಯುವ ಜಾಗಕ್ಕೆ ಸಾಕೆಟ್ ಮತ್ತು ಸರ್ಕ್ಯೂಟ್ ಯೋಜಿಸುವ ಬಗೆ

ನಮ್ಮ ಕಡೆ ಮನೆ ಕಟ್ಟುವವರು ಬಾಗಿಲಿನ ಮರವನ್ನು ವರ್ಷ ಮೊದಲೇ ಕೊಯ್ಯಿಸಿ ಒಣಗಲು ಇಡುತ್ತಾರೆ, ಬಾವಿಯ ಜಾಗವನ್ನು ಹತ್ತು ಜನರಲ್ಲಿ ಕೇಳುತ್ತಾರೆ. ಅಡಿಗೆಮನೆಯಲ್ಲಿ ಸಾಕೆಟ್ ಎಲ್ಲಿ ಬೇಕೆಂಬ ಪ್ರಶ್ನೆಗೆ ಮಾತ್ರ ವೈರ್‌ಮನ್ ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತ ಮೇಲೆ ಉತ್ತರ ಹುಡುಕುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಸುತ್ತಮುತ್ತ ಮನೆಗಳ ವೈರಿಂಗ್ ನೋಡಿಕೊಳ್ಳುತ್ತ ಬಂದ ನನಗೆ, ಗೃಹಪ್ರವೇಶವಾಗಿ ವರ್ಷ ತುಂಬುವ ಮೊದಲೇ ಬರುವ ಕರೆಗಳಲ್ಲಿ ಹೆಚ್ಚಿನವು ಎರಡೇ ಬಗೆಯವು: ಒಂದೋ ಪ್ಲಗ್ ಕರಗಿ ಸಾಕೆಟ್‌ಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಬಟ್ಟೆ ಒಗೆಯುವ ಯಂತ್ರ ಹಾಕಿದೊಡನೆ ಇಡೀ ಮನೆ ಕತ್ತಲಾಗುತ್ತದೆ. ಎರಡೂ ತೊಂದರೆಗಳ ಬೇರು ಸಾರಣೆಗೆ ಮೊದಲು ತೆಗೆದುಕೊಳ್ಳದೆ ಬಿಟ್ಟ ನಿರ್ಧಾರದಲ್ಲಿದೆ.

ತಂತಿ ಎಳೆಯುವ ಮತ್ತು ಜೋಡಿಸುವ ಕೆಲಸ ಪರವಾನಗಿಯುಳ್ಳ ವೈರ್‌ಮನ್‌ನದು. ಹೊಸ ಸಂಪರ್ಕಕ್ಕೆ ಕೇರಳದ ವಿದ್ಯುತ್ ಮಂಡಳಿಯಾದ ಕೆ.ಎಸ್.ಇ.ಬಿ. ಕಚೇರಿಗೆ ಕೊಡಬೇಕಾದ ಪೂರ್ಣತಾ ವರದಿಗೂ ಪರವಾನಗಿ ಉಳ್ಳವರೇ ಸಹಿ ಹಾಕಬೇಕು. ಆದರೆ ಯಾವ ಉಪಕರಣ ಎಲ್ಲಿ ಕುಳಿತುಕೊಳ್ಳಬೇಕು, ಯಾವುದು ಯಾವುದರ ಜೊತೆ ಓಡುತ್ತದೆ ಎಂಬುದು ಮನೆಯಲ್ಲಿ ಅಡಿಗೆ ಮಾಡುವವರಿಗೆ, ಬಟ್ಟೆ ಒಗೆಯುವವರಿಗೆ ಮಾತ್ರ ಗೊತ್ತು. ಈ ಲೇಖನ ಅವರಿಗಾಗಿ.

ಮೊದಲ ಹೆಜ್ಜೆ: ಬೆಳಗಿನ ಆರೂವರೆಯ ಪಟ್ಟಿ

ಉಪಕರಣಗಳ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ನಾನು ಕೇಳುವುದು ಹೊತ್ತಿನ ಪಟ್ಟಿಯನ್ನು. ಒಂದು ಹಾಳೆಯಲ್ಲಿ ಬೆಳಗಿನ 6ರಿಂದ 8ರವರೆಗೆ ಮನೆಯಲ್ಲಿ ಏನೇನು ಒಟ್ಟಿಗೆ ಓಡುತ್ತದೆಂದು ಬರೆಯಿರಿ, ಪ್ರತಿಯೊಂದರ ಎದುರು ಅದರ ವ್ಯಾಟ್ ಹಾಕಿರಿ. ವ್ಯಾಟ್ ಸಂಖ್ಯೆ ಉಪಕರಣದ ಹಿಂದೆಯೋ ಅಡಿಯಲ್ಲೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಕೈಯಲ್ಲಿ ಉಪಕರಣ ಇನ್ನೂ ಇಲ್ಲವಾದರೆ ಈ ಅಂದಾಜುಗಳು ಸಾಕು: ಮಿಕ್ಸಿ 500ರಿಂದ 750 ವ್ಯಾಟ್, ದೋಸೆಗೆ ಅರೆಯುವ 2 ಲೀಟರಿನ ಮೇಜುಗ್ರೈಂಡರ್ 150ರ ಆಸುಪಾಸು, ಇಂಡಕ್ಷನ್ ಒಲೆ 1800ರಿಂದ 2000, ಒಂದೂವರೆ ಲೀಟರಿನ ಕೆಟಲ್ 1500, ಓವನ್ 1200ರಿಂದ 2000ದ ಮೇಲೆ, ಪಾತ್ರೆ ತೊಳೆಯುವ ಯಂತ್ರ 2000ದ ಹತ್ತಿರ, ಚಿಮಣಿ 200ರ ಆಚೀಚೆ, ನೀರಿನ ಶುದ್ಧಕ 60ರೊಳಗೆ. ಬಟ್ಟೆ ಒಗೆಯುವ ಯಂತ್ರದಲ್ಲಿ ಎರಡು ಜಾತಿ. ಮೇಲಿನಿಂದ ಬಟ್ಟೆ ಹಾಕುವ, ನೀರು ಕಾಯಿಸದ ಯಂತ್ರ 300ರಿಂದ 500 ವ್ಯಾಟ್‌ನಲ್ಲಿ ಮುಗಿಸುತ್ತದೆ. ಮುಂದಿನ ಬಾಗಿಲಿನ, ತಾನೇ ನೀರು ಬಿಸಿಮಾಡುವ ಯಂತ್ರ ಕಾಯಿಸುವ ಹೊತ್ತಿನಲ್ಲಿ 2000 ವ್ಯಾಟ್ ಎಳೆಯುತ್ತದೆ. ಇಂದು ಮೊದಲನೆಯದನ್ನು ಕೊಂಡವರು ಹತ್ತು ವರ್ಷದಲ್ಲಿ ಎರಡನೆಯದಕ್ಕೆ ಹೋಗುವುದನ್ನು ಬಹಳ ಕಂಡಿದ್ದೇನೆ, ಆದ್ದರಿಂದ ಸಾಕೆಟ್ ಯೋಜಿಸುವಾಗ ಎರಡನೆಯದೇ ಬರುತ್ತದೆಂದು ಇಟ್ಟುಕೊಳ್ಳಿ.

ಈಗ ಕೂಡಿಸೋಣ. ಐದು ಮಂದಿಯ ಮನೆಯಲ್ಲಿ ಬೆಳಗ್ಗೆ ಇಂಡಕ್ಷನ್ ಒಲೆ 1800, ಚಟ್ನಿಗೆ ಮಿಕ್ಸಿ 750, ಬಟ್ಟೆಯ ಯಂತ್ರ 2000, ಬಚ್ಚಲಿನ ಗೀಸರ್ 2000, ಫ್ರಿಜ್ 150, ಬಾವಿಯ ಒಂದು ಅಶ್ವಶಕ್ತಿಯ ಪಂಪು 1100 ವ್ಯಾಟ್. ಒಟ್ಟು 7800. ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಇಲ್ಲಿ ಸುಮಾರು 34 ಆಂಪಿಯರ್. ಒಂದು ಫೇಸಿನ ಮನೆಯಲ್ಲಿ 32 ಆಂಪಿಯರಿನ ಮುಖ್ಯ ಸ್ವಿಚ್ಚಿನ ಮಿತಿಯನ್ನು ಇದು ಮೀರುತ್ತದೆ. ಇದೇ ಹೊರೆಯನ್ನು ಮೂರು ಫೇಸಿಗೆ ಹಂಚಿ, ಒಲೆ ಮತ್ತು ಮಿಕ್ಸಿ ಒಂದರಲ್ಲಿ, ಬಟ್ಟೆಯ ಯಂತ್ರ ಮತ್ತು ಪಂಪು ಇನ್ನೊಂದರಲ್ಲಿ, ಗೀಸರ್ ಮತ್ತು ಫ್ರಿಜ್ ಮತ್ತೊಂದರಲ್ಲಿ ಇಟ್ಟರೆ ಯಾವ ಫೇಸಿನಲ್ಲೂ 14 ಆಂಪಿಯರ್ ದಾಟುವುದಿಲ್ಲ. ಕೇರಳದಲ್ಲಿ ಜೋಡಿಸಿದ ಒಟ್ಟು ಹೊರೆ 5 ಕಿಲೋವ್ಯಾಟ್ ಮೀರಿದರೆ ಮೂರು ಫೇಸಿನ ಸಂಪರ್ಕವೇ ಬೇಕು. ಆ ಲೆಕ್ಕವನ್ನು ಅರ್ಜಿ ಬರೆಯುವಾಗ ಕಡಿಮೆ ತೋರಿಸಿ ಆಮೇಲೆ ಉಪಕರಣ ಹೇರುವ ಜಾಣತನ ಕೊನೆಗೆ ಮನೆಯವರಿಗೇ ದುಬಾರಿಯಾಗುತ್ತದೆ.

ಮೂರು ಫೇಸಿನ ಮನೆಯಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತೆಂಗಿನ ಮಡಲೋ ಅಡಿಕೆ ಮರವೋ ತಂತಿಯ ಮೇಲೆ ಬಿದ್ದಾಗ ನಮ್ಮಲ್ಲಿ ಅನೇಕ ಸಲ ಒಂದೇ ಫೇಸ್ ಹೋಗುತ್ತದೆ, ಉಳಿದೆರಡು ಇರುತ್ತವೆ. ಅಡಿಗೆಮನೆಯ ದೀಪವನ್ನೂ ಸಾಕೆಟ್‌ಗಳನ್ನೂ ಒಂದೇ ಫೇಸಿಗೆ ಕಟ್ಟಿದ್ದರೆ ಆ ರಾತ್ರಿ ಕತ್ತಲಲ್ಲೇ ಉಣ್ಣಬೇಕಾಗುತ್ತದೆ. ದೀಪ ಒಂದು ಫೇಸಿನಲ್ಲಿ, ಸಾಕೆಟ್ ಇನ್ನೊಂದರಲ್ಲಿ ಇರಲಿ. ಫೇಸ್ ಹೋಗುವುದಕ್ಕಿಂತ ಅಪಾಯದ್ದು ಬೀದಿಯ ನ್ಯೂಟ್ರಲ್ (ಕರೆಂಟು ಮರಳುವ ತಂತಿ) ತುಂಡಾಗುವುದು. ಆಗ ಮನೆಯ ಕೆಲವು ಉಪಕರಣಗಳಿಗೆ 230ರ ಬದಲು 300, 350 ವೋಲ್ಟ್ ಹೊಕ್ಕು ಅವು ಸುಟ್ಟುಹೋಗುತ್ತವೆ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಡಿದುಹಾಕುವ ರಕ್ಷಕವನ್ನು ವಿತರಣಾ ಪೆಟ್ಟಿಗೆಯಲ್ಲಿ ಕೂರಿಸಲು ಜಾಗ ಬಿಡಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಜಾಗಗಳನ್ನು ಗುರುತಿಸುವುದು

ನೆಲದ ಮೇಲೆ ಕಟ್ಟೆಯ ಅಳತೆಯನ್ನು ಸೀಮೆಸುಣ್ಣದಲ್ಲಿ ಬರೆದು, ಅಡಿಗೆ ಮಾಡುವವರನ್ನೇ ಅಲ್ಲಿ ನಿಲ್ಲಿಸಿ. ಮಿಕ್ಸಿ ಯಾವ ಕೈಯ ಬದಿಗೆ, ಅಕ್ಕಿ ತೊಳೆದು ಬಂದು ಕೆಟಲ್ ಹಾಕುವುದು ಎಲ್ಲಿ, ಗ್ರೈಂಡರ್ ತಂದಿಡುವುದು ಮೇಲೆಯೋ ಕೆಳಗೋ ಎಂದು ಕೇಳಿ. ಕಾಗದದ ಮೇಲಿನ ನಕ್ಷೆಯಲ್ಲಿ ಸಿಗದ ಉತ್ತರ ಅಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದೆ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 80ರಿಂದ 85 ಸೆಂಟಿಮೀಟರ್. ಕಟ್ಟೆಯ ಮೇಲಿನ ಸಾಕೆಟ್ ಅದಕ್ಕಿಂತ 25 ಸೆಂಟಿಮೀಟರಿನಷ್ಟು ಮೇಲೆ, ಅಂದರೆ ನೆಲದಿಂದ 110ರ ಹತ್ತಿರ ಇದ್ದರೆ ಕಟ್ಟೆ ತೊಳೆದ ನೀರು ಸಿಡಿಯುವುದಿಲ್ಲ, ವಯರು ಒಲೆಯ ಮೇಲೆ ಜೋತಾಡುವುದೂ ಇಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಅಂಚಿನಿಂದ ಅಡ್ಡಕ್ಕೆ ಅರ್ಧ ಮೀಟರ್ ದೂರವನ್ನು ನಾನು ಬಿಟ್ಟುಕೊಡುವುದಿಲ್ಲ. ಇಕ್ಕಟ್ಟಾದ ಅಡಿಗೆಮನೆಯಲ್ಲೂ 30 ಸೆಂಟಿಮೀಟರಿಗಿಂತ ಹತ್ತಿರ ತರಬಾರದು. ಒಲೆಯ ಹಿಂದಿನ ಗೋಡೆಯಲ್ಲಿ, ಒಲೆಯ ನೇರ ಮೇಲೆ ಸಾಕೆಟ್ ಬೇಡ. ಅಲ್ಲಿ ಬಿಸಿಯೂ ಎಣ್ಣೆಯ ಹಬೆಯೂ ಸೇರಿ ಪ್ಲಾಸ್ಟಿಕ್ ಅನ್ನು ಬೇಗ ಮುದಿಯಾಗಿಸುತ್ತವೆ, ಮೇಲಾಗಿ ಉರಿಯುವ ಒಲೆಯನ್ನು ದಾಟಿ ಕೈ ಚಾಚಬೇಕಾಗುತ್ತದೆ. ಚಿಮಣಿಯ ಸಾಕೆಟ್ ಅದರ ಕೊಳವೆಯ ಬದಿಗೆ ಎರಡು ಮೀಟರಿಗೂ ಮೇಲೆ ಹೋಗಲಿ, ಅದರ ಸ್ವಿಚ್ ಮಾತ್ರ ಕೈಗೆಟುಕುವಲ್ಲಿ ಬರಲಿ.

ಸಾಕೆಟ್‌ಗಳ ಸಂಖ್ಯೆಯಲ್ಲಿ ಜಿಪುಣತನ ಬೇಡ. ನಮ್ಮ ದೇಶದಲ್ಲಿ ಮನೆಬಳಕೆಗೆ 6 ಆಂಪಿಯರಿನ ಸಣ್ಣ ಕಾಲಿನ ಪ್ಲಗ್ಗೂ 16 ಆಂಪಿಯರಿನ ದಪ್ಪ ಕಾಲಿನ ಪ್ಲಗ್ಗೂ ಇವೆ. 6 ಆಂಪಿಯರನ್ನು 230ರಿಂದ ಗುಣಿಸಿದರೆ 1380 ವ್ಯಾಟ್. 1500 ವ್ಯಾಟಿನ ಕೆಟಲ್ ಆಗಲೇ ಅದರ ಮಿತಿಯನ್ನು ದಾಟಿತು. ಕಟ್ಟೆಯ ಮೇಲೆ 6 ಆಂಪಿಯರಿನ ಸಾಕೆಟ್ ಮಾತ್ರ ಇದ್ದ ಮನೆಯಲ್ಲಿ ಏನಾಗುತ್ತದೆಂದರೆ, ದಪ್ಪ ಕಾಲಿನ ಪ್ಲಗ್ಗನ್ನು ಸಣ್ಣ ಸಾಕೆಟ್‌ಗೆ ಹೊಂದಿಸುವ ಕನ್ವರ್ಟರನ್ನು ಅಂಗಡಿಯಿಂದ ತಂದು ಸಿಕ್ಕಿಸುತ್ತಾರೆ, ಆರು ತಿಂಗಳಲ್ಲಿ ಅದು ಕಂದಾಗಿ, ಮೆತ್ತಗಾಗಿ, ಒಂದು ದಿನ ಸಾಕೆಟ್‌ನೊಡನೆ ಒಂದೇ ಮುದ್ದೆಯಾಗುತ್ತದೆ. ಆದ್ದರಿಂದ ನಾನು ಅಡಿಗೆಮನೆಯ ಕಟ್ಟೆಯ ಮೇಲೆ ಎರಡೂ ಬಗೆಯ ಪ್ಲಗ್ ಕೂರುವ 16 ಆಂಪಿಯರಿನ ಸಾಕೆಟ್‌ಗಳನ್ನೇ ಹಾಕಿಸುತ್ತೇನೆ. ಖರ್ಚಿನ ವ್ಯತ್ಯಾಸ ಇಡೀ ಮನೆಯ ಲೆಕ್ಕದಲ್ಲಿ ಕಾಣುವಷ್ಟಿಲ್ಲ, ಕನ್ವರ್ಟರಿಗೂ ನಾಲ್ಕು ತೂತಿನ ಎಕ್ಸ್‌ಟೆನ್ಶನ್ ಪೆಟ್ಟಿಗೆಗೂ ಕೆಲಸವೇ ಉಳಿಯುವುದಿಲ್ಲ.

ಫ್ರಿಜ್ಜಿನ ಸಾಕೆಟ್ ಎಲ್ಲಿ ಎಂಬುದರ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಚಂದಕ್ಕೆಂದು ಅದನ್ನು ಫ್ರಿಜ್ಜಿನ ಹಿಂದೆ ಅಡಗಿಸುವುದು ಎಲ್ಲೆಡೆ ರೂಢಿಯಾಗಿದೆ. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಗುಡುಗು ಸುರುವಾದೊಡನೆ ಒಂದೊಂದೇ ಪ್ಲಗ್ ಕಿತ್ತಿಡುವುದು ನಮ್ಮ ಮನೆಗಳಲ್ಲಿ ಅಭ್ಯಾಸ, ಅದು ಸರಿಯಾದ ಅಭ್ಯಾಸವೂ ಹೌದು. ಸ್ವಿಚ್ ಆರಿಸಿದರೂ ಅದರೊಳಗಿನ ಕೆಲವೇ ಮಿಲಿಮೀಟರ್ ಸಂದನ್ನು ಸಿಡಿಲಿನ ಹೊಡೆತ ಸುಲಭವಾಗಿ ಹಾರಿಬಿಡುತ್ತದೆ. ನೂರು ಕಿಲೋ ತೂಗುವ ಫ್ರಿಜ್ಜನ್ನು ಎಳೆದರೆ ಮಾತ್ರ ಕೈಗೆ ಸಿಗುವ ಪ್ಲಗ್ಗನ್ನು ಯಾರೂ ಕೀಳುವುದಿಲ್ಲ. ಅದನ್ನು ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ಎದೆಯ ಎತ್ತರಕ್ಕೆ ತನ್ನಿ. ಬಟ್ಟೆಯ ಯಂತ್ರ, ಪಾತ್ರೆಯ ಯಂತ್ರ, ಕಪಾಟಿನೊಳಗೆ ಕೂರಿಸುವ ಓವನ್ ಎಲ್ಲಕ್ಕೂ ಇದೇ ನಿಯಮ. ಹುದುಗಿಸಿಡುವ ಉಪಕರಣದ ಸಾಕೆಟ್ ಅದರ ಹಿಂದೆ ಬೇಡ, ಪಕ್ಕದ ಕಪಾಟಿನೊಳಗೆ ಇರಲಿ.

ವರ್ಕ್ ಏರಿಯಾ ಎಂಬ ಮರೆತ ಕೋಣೆ

ಗಡಿಯ ಈಚೆಗಿನ ಮನೆಗಳಲ್ಲಿ ಅಡಿಗೆಮನೆ ಒಂದಲ್ಲ, ಎರಡು. ಒಳಗಿನದು ಟೈಲ್ಸು, ಕಪಾಟು, ಗ್ಯಾಸಿನ ಒಲೆಯದ್ದು. ಅದರ ಹಿಂದೆ ವರ್ಕ್ ಏರಿಯಾ ಎಂದು ನಾವು ಮಲಯಾಳಿಗಳ ಜೊತೆಗೇ ಕರೆಯಲು ಕಲಿತ ಹಿಂಬದಿಯ ಕೋಣೆ. ಕಟ್ಟಿಗೆಯ ಒಲೆ, ಹಲಸಿನಕಾಯಿ ಕೊಯ್ಯುವ ಜಾಗ, ತೆಂಗಿನಕಾಯಿ ತುರಿಯುವ ಮಣೆ, ಅಕ್ಕಿ ಅರೆಯುವ ಗ್ರೈಂಡರ್ ಎಲ್ಲ ಅಲ್ಲಿ. ನಿಜವಾದ ಕೆಲಸ ನಡೆಯುವುದೂ ಅಲ್ಲೇ. ನಕ್ಷೆಯಲ್ಲಿ ಅದಕ್ಕೆ ಒಂದು ಬಲ್ಬು, ಒಂದು ಸಣ್ಣ ಸಾಕೆಟ್ ಬರೆದು ಕೈತೊಳೆದುಕೊಳ್ಳುತ್ತಾರೆ. ಬಟ್ಟೆಯ ಯಂತ್ರವೂ ಕೊನೆಗೆ ಅದೇ ಕೋಣೆಗೋ ಅದರ ಪಕ್ಕದ ಅರೆತೆರೆದ ಜಗಲಿಗೋ ಬರುತ್ತದೆ, ಏಕೆಂದರೆ ನೀರು ಹರಿದುಹೋಗಲು ಜಾಗ ಇರುವುದು ಅಲ್ಲಿ ಮಾತ್ರ.

ಇಡೀ ಮನೆಯಲ್ಲಿ ಕರೆಂಟಿನ ಅಪಾಯ ಅತಿ ಹೆಚ್ಚಿರುವ ಜಾಗ ಇದು. ನೆಲ ಸಿಮೆಂಟಿನದು, ದಿನದ ಅರ್ಧ ಹೊತ್ತು ಒದ್ದೆ. ಕೆಲಸ ಮಾಡುವವರು ಬರಿಗಾಲಿನಲ್ಲಿ ನಿಂತಿರುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಇರಿಚಲು ಒಳಗೆ ಬರುತ್ತದೆ. ಕಟ್ಟಿಗೆಯ ಹೊಗೆಯ ಮಸಿ, ಉಪ್ಪಿನಂಶದ ತೇವ, ಸಾಕೆಟ್ ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಇರುವೆ, ಮೊಟ್ಟೆಯಿಡುವ ಹಲ್ಲಿ ಬೇರೆ. ಇಲ್ಲಿಗೆ ಮುಚ್ಚಳವುಳ್ಳ, ನೀರು ಸಿಡಿದರೂ ಒಳಗೆ ಹೋಗದ ಬಗೆಯ ಸಾಕೆಟ್ ಪೆಟ್ಟಿಗೆಯನ್ನೇ ಹಾಕಿಸಿ. ಅದರ ಮೇಲೆ ಐಪಿ 55 ಎಂದೋ ಅದಕ್ಕಿಂತ ಮೇಲಿನ ಅಂಕಿಯೋ ಬರೆದಿರುತ್ತದೆ. ಕೊಳವೆ ಪೆಟ್ಟಿಗೆಯನ್ನು ಸೇರುವ ತೂತನ್ನು ಮುಚ್ಚಿಸಲು ಮರೆಯಬೇಡಿ. ಇರುವೆಯ ದಾರಿ ಅದೇ.

ಬಟ್ಟೆಯ ಯಂತ್ರದ ಸಾಕೆಟ್ ನೆಲದಿಂದ 120 ಸೆಂಟಿಮೀಟರಿನಷ್ಟು ಮೇಲೆ, ನೀರಿನ ನಲ್ಲಿಗಿಂತ ಎತ್ತರದಲ್ಲಿ ಮತ್ತು ಅದರಿಂದ ಬದಿಗೆ ಸರಿದು ಇರಬೇಕು. ನಲ್ಲಿಯ ನೇರ ಕೆಳಗೆ ಸಾಕೆಟ್ ಇಟ್ಟ ಒಂದು ಮನೆಯನ್ನು ನಾನು ನೋಡಿದ್ದೇನೆ. ನಲ್ಲಿಯ ರಬ್ಬರ್ ಸವೆದು ಹನಿಯತೊಡಗಿದಾಗ ನೀರು ವಯರಿನ ಗುಂಟ ಇಳಿದು ನೇರವಾಗಿ ಪ್ಲಗ್ಗಿನೊಳಗೇ ಹೋಗಿತ್ತು. ಯಂತ್ರದ ವಯರು ಸಾಕೆಟ್ ಸೇರುವ ಮೊದಲು ಕೆಳಕ್ಕೆ ಒಂದು ಬಳುಕು ತೆಗೆದುಕೊಂಡು ಮೇಲೇರುವಂತಿರಲಿ, ಹನಿ ಆ ಬಳುಕಿನ ತಳದಲ್ಲಿ ಉದುರಿಹೋಗುತ್ತದೆ. ಇಸ್ತ್ರಿಗೆ ಬೇರೆಯೇ ಒಂದು 16 ಆಂಪಿಯರಿನ ಸಾಕೆಟ್ ಬೇಕು, ಅದು ಒಣ ಕೋಣೆಯಲ್ಲಿರಲಿ. ಆಟಿಯಲ್ಲಿ ಒಣಗದ ಬಟ್ಟೆಗೆ ಇಸ್ತ್ರಿಯೇ ಗತಿ, ಗಂಟೆಗಟ್ಟಲೆ ಓಡುತ್ತದೆ.

ಒಗೆಯುವ ಕೋಣೆ ಮನೆಯಿಂದ ಬೇರೆಯಾಗಿ ಹಟ್ಟಿಯ ಬದಿಯಲ್ಲಿದ್ದರೆ ತಂತಿಯ ಉದ್ದವನ್ನೂ ಲೆಕ್ಕ ಹಾಕಬೇಕು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರ್ ದೂರಕ್ಕೆ ಹೋಗಿ ಬರುವಾಗ 10 ಆಂಪಿಯರಿಗೆ ನಾಲ್ಕೂವರೆ ವೋಲ್ಟಿನಷ್ಟು ಕಳೆದುಕೊಳ್ಳುತ್ತದೆ. ಇದು ದೊಡ್ಡ ನಷ್ಟವಲ್ಲ. ಆದರೆ ಕಂಬದಿಂದ ತೋಟದ ನಡುವಿನ ಮನೆಗೆ ಬರುವಷ್ಟರಲ್ಲೇ ವೋಲ್ಟೇಜು ಇಳಿದಿರುವ ಕಡೆ ನಾನು 4 ಚದರ ಮಿಲಿಮೀಟರಿನ ತಂತಿಯನ್ನೇ ಹಾಕಿಸುತ್ತೇನೆ.

ಮೂರನೆಯ ಹೆಜ್ಜೆ: ಸರ್ಕ್ಯೂಟ್‌ಗಳಾಗಿ ಒಡೆಯುವುದು

ಸಾಕೆಟ್ ಎಷ್ಟೇ ಇದ್ದರೂ ಅವೆಲ್ಲ ಒಂದೇ ತಂತಿಯ ಬಾಲಕ್ಕೆ ಕಟ್ಟಿದ್ದರೆ ಪ್ರಯೋಜನವಿಲ್ಲ. ವಿತರಣಾ ಪೆಟ್ಟಿಗೆಯಿಂದ ಹೊರಟ ಒಂದು ಜೊತೆ ತಂತಿ, ಅದಕ್ಕೊಂದು ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಅದರ ಮೇಲಿನ ಸಾಕೆಟ್‌ಗಳು, ಇಷ್ಟು ಸೇರಿ ಒಂದು ಸರ್ಕ್ಯೂಟ್. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿ ಹೊರಬಲ್ಲದ್ದಕ್ಕಿಂತ ದೊಡ್ಡ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವ ಮೊದಲು ತಂತಿ ಸುಡುತ್ತದೆ. ಪದೇ ಪದೇ ಬೀಳುವ 16ರ ಎಂಸಿಬಿಯನ್ನು ಕಿತ್ತು 32ರದನ್ನು ಹಾಕಿಕೊಟ್ಟು ಹೋಗುವವರು ತೊಂದರೆಯನ್ನು ಗೋಡೆಯೊಳಗೆ ಹೂತುಹೋಗುತ್ತಾರೆ.

ಒಂದು ಪವರ್ ಸರ್ಕ್ಯೂಟ್‌ಗೆ ಎರಡಕ್ಕಿಂತ ಹೆಚ್ಚು 16 ಆಂಪಿಯರಿನ ಸಾಕೆಟ್ ಬೇಡ, ಹೊರೆ 3000 ವ್ಯಾಟ್ ಮೀರಬಾರದು ಎಂಬುದು ನಮ್ಮ ದೇಶದ ವೈರಿಂಗಿನಲ್ಲಿ ಬಹುಕಾಲದಿಂದ ನಡೆದುಬಂದ ಕಟ್ಟಳೆ. ಅದಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರಿನ ಎಂಸಿಬಿ. ತಂತಿಗೆ 20 ಆಂಪಿಯರಿನದೂ ನಡೆಯುತ್ತದೆಂದು ವಾದಿಸುವವರಿದ್ದಾರೆ. ಆದರೆ ಸಾಕೆಟ್ ಇರುವುದೇ 16 ಆಂಪಿಯರಿಗೆ, ಒಂದೇ ಕೊಳವೆಯಲ್ಲಿ ಹಲವು ತಂತಿ ತುರುಕಿದಾಗ ಅವುಗಳ ಶಕ್ತಿಯೂ ಕುಗ್ಗುತ್ತದೆ.

ಮೇಲೆ ಹೇಳಿದ ಐದು ಮಂದಿಯ ಮನೆಗೆ ನಾನು ಬರೆಯುವ ಹಂಚಿಕೆ ಹೀಗಿರುತ್ತದೆ. ಇಂಡಕ್ಷನ್ ಒಲೆಗೆ ಒಂದು ಸರ್ಕ್ಯೂಟ್, ಬೇರೇನೂ ಅದರಲ್ಲಿ ಇಲ್ಲ. ಗ್ಯಾಸು ಮುಗಿದ ದಿನ ಅದೊಂದೇ ಮನೆಯನ್ನು ಸಾಕುತ್ತದೆ. ಕಟ್ಟೆಯ ಎಡಬದಿಯ ಎರಡು ಸಾಕೆಟ್ ಮಿಕ್ಸಿ ಮತ್ತು ಕೆಟಲ್‌ಗೆ ಇನ್ನೊಂದು. ಓವನ್ ಮತ್ತು ಮುಂದೆಂದೋ ಬರಬಹುದಾದ ಪಾತ್ರೆಯ ಯಂತ್ರಕ್ಕೆ ಬೇರೆ ಬೇರೆ ಒಂದೊಂದು, ಏಕೆಂದರೆ ಎರಡೂ ಸೇರಿದರೆ 3000 ದಾಟುತ್ತದೆ. ಫ್ರಿಜ್ಜೂ ನೀರಿನ ಶುದ್ಧಕವೂ ಒಂದರಲ್ಲಿ ಸುಖವಾಗಿರುತ್ತವೆ. ವರ್ಕ್ ಏರಿಯಾದ ಗ್ರೈಂಡರ್ ಸಾಕೆಟ್‌ಗಳಿಗೆ ಒಂದು, ಬಟ್ಟೆಯ ಯಂತ್ರಕ್ಕೆ ಒಂದು, ಇಸ್ತ್ರಿಗೆ ಒಂದು. 3000 ವ್ಯಾಟಿನ ತಕ್ಷಣ ಕಾಯಿಸುವ ಗೀಸರ್ ಇದ್ದರೆ ಅದಕ್ಕೆ 4 ಚದರ ಮಿಲಿಮೀಟರಿನ ತಂತಿಯ ಸರ್ಕ್ಯೂಟ್, ಅದರ ಸ್ವಿಚ್ ಬಚ್ಚಲಿನ ಹೊರಗೆ. ದೀಪ ಮತ್ತು ಫ್ಯಾನಿಗೆ ಬೇರೆಯೇ, 1.5 ಚದರ ಮಿಲಿಮೀಟರಿನ ತಂತಿ ಮತ್ತು ಸಣ್ಣ ಎಂಸಿಬಿ ಸಾಕು. ಎಣಿಸಿದರೆ ಹತ್ತು ಆಗುತ್ತದೆ. ಪೆಟ್ಟಿಗೆಯಲ್ಲಿ ಮೂರು ನಾಲ್ಕು ಮನೆ ಖಾಲಿ ಬಿಡಿ.

ಪಂಪು, ಗ್ರೈಂಡರ್, ಫ್ರಿಜ್ಜುಗಳು ಸುರುವಾಗುವ ಕ್ಷಣದಲ್ಲಿ ಓಡುವ ಹೊತ್ತಿನ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಮೋಟರ್ ಇರುವ ಸರ್ಕ್ಯೂಟ್‌ಗೆ ಸಿ ಬಗೆಯ ಎಂಸಿಬಿ, ಬರೀ ಕಾಯಿಸುವ ಉಪಕರಣಕ್ಕೂ ದೀಪಕ್ಕೂ ಬಿ ಬಗೆಯದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಮುರಕಲ್ಲಿನ ನೆಲದಲ್ಲಿ ಅರ್ತಿಂಗ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಕಾಸರಗೋಡಿನ ಗುಡ್ಡೆಯ ಮೇಲಿನ ಮನೆಗೂ ಬಯಲುಸೀಮೆಯ ಕಪ್ಪುಮಣ್ಣಿನ ಮನೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ, ಬೇಸಗೆಯಲ್ಲಿ ಒಣಗಿ ಇಟ್ಟಿಗೆಯಂತಾಗುತ್ತದೆ. ಒಣ ಮುರಕಲ್ಲು ಕರೆಂಟನ್ನು ಒಲ್ಲದ ಮನಸ್ಸಿನಿಂದ ಸಾಗಿಸುತ್ತದೆ. ಜುಲೈಯಲ್ಲಿ ಅಳೆದಾಗ ಚೆನ್ನಾಗಿದ್ದ ಅರ್ತ್ ಏಪ್ರಿಲಿನಲ್ಲಿ ಹಲವು ಪಟ್ಟು ಕೆಟ್ಟಿರುವುದುಂಟು.

ಅದರ ಫಲವನ್ನು ಲೆಕ್ಕದಲ್ಲೇ ನೋಡಿ. ಬಟ್ಟೆಯ ಯಂತ್ರದ ಒಳಗೆ ಫೇಸಿನ ತಂತಿ ಸವೆದು ಕಬ್ಬಿಣದ ಮೈಗೆ ತಾಗಿತೆನ್ನಿ. ಕರೆಂಟು ಯಂತ್ರದ ಮೈಯಿಂದ ಅರ್ತಿನ ತಂತಿಯಲ್ಲಿ ಇಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ಆ ದಾರಿಯ ಒಟ್ಟು ತಡೆ 20 ಓಮ್ ಇದ್ದರೆ ಹರಿಯುವುದು 230ನ್ನು 20ರಿಂದ ಭಾಗಿಸಿದ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಮಾಮೂಲು ಹೊರೆಯಂತೆ ಕಾಣುತ್ತದೆ, ಬೀಳುವುದೇ ಇಲ್ಲ. ಆ 20ರಲ್ಲಿ 15 ಓಮ್ ನಿಮ್ಮ ಮನೆಯ ಅರ್ತಿನದೇ ಆಗಿದ್ದರೆ ಯಂತ್ರದ ಮೈಯಲ್ಲಿ 170 ವೋಲ್ಟಿನಷ್ಟು ನಿಂತಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಯಂತ್ರದ ಮುಚ್ಚಳ ತೆಗೆಯುವವರ ಕೈಗೆ ತಾಗುವುದು ಅದು. ಅರ್ತ್ ಇದೆ, ಎಂಸಿಬಿ ಇದೆ, ಹಾಗಾಗಿ ಕ್ಷೇಮ ಎಂದು ನಂಬುವಂತಿಲ್ಲ.

ಈ ಅಂತರವನ್ನು ತುಂಬುವುದು ಆರ್‌ಸಿಸಿಬಿ. ಅದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರಿಗೆ, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿಗೆ ಮುಟ್ಟಿದೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ನೆಲದ ತಡೆ 100 ಓಮ್ ಇದ್ದರೂ ಅಷ್ಟು ಸೋರಿಕೆಗೆ ಯಂತ್ರದ ಮೈಯಲ್ಲಿ ಏಳುವುದು ಮೂರೇ ವೋಲ್ಟ್. ಅಡಿಗೆಮನೆ, ವರ್ಕ್ ಏರಿಯಾ, ಬಚ್ಚಲಿನ ಸರ್ಕ್ಯೂಟ್‌ಗಳೆಲ್ಲ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಕೆಳಗೆ ಬರಲೇಬೇಕು. 100 ಅಥವಾ 300 ಮಿಲಿಆಂಪಿಯರಿನವು ಮೈಗೆ ತಾಗುವ ಕರೆಂಟಿನಿಂದ ಕಾಯುವುದಕ್ಕೆಂದು ಮಾಡಿದವಲ್ಲ. ಆರ್‌ಸಿಸಿಬಿ ಹೆಚ್ಚಿನ ಹೊರೆಯನ್ನು ನೋಡುವುದಿಲ್ಲ, ಆದ್ದರಿಂದ ಎಂಸಿಬಿಯೂ ಜೊತೆಗೆ ಬೇಕು.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವುದು ಅಗ್ಗ. ಆದರೆ ಪ್ರತಿ ಉಪಕರಣದಿಂದಲೂ ಸಹಜವಾಗಿಯೇ ಚೂರುಪಾರು ಸೋರಿಕೆ ಇರುತ್ತದೆ, 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಮಳೆಗಾಲದಲ್ಲಿ ಹೊರಗಿನ ಒಂದು ದೀಪಕ್ಕೆ ನೀರು ಹೋದರೆ ಫ್ರಿಜ್ಜೂ ನಿಂತು, ಎರಡು ದಿನ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಒಳಗಿನದೆಲ್ಲ ಹಳಸಿರುತ್ತದೆ. ಕನಿಷ್ಠ ಮೂರಾಗಿ ಒಡೆಯಿರಿ: ಬಟ್ಟೆಯ ಯಂತ್ರ ಮತ್ತು ವರ್ಕ್ ಏರಿಯಾಕ್ಕೆ ಒಂದು, ಅಡಿಗೆಮನೆಗೆ ಒಂದು, ಉಳಿದದ್ದಕ್ಕೆ ಒಂದು, ಫ್ರಿಜ್ಜಿಗೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಕೂಡಿದ ಆರ್‌ಸಿಬಿಓ ಹಾಕಿದರೆ ಇನ್ನೂ ನೆಮ್ಮದಿ. ಇನ್ವರ್ಟರ್ ಮೋಟರಿನ ಬಟ್ಟೆಯ ಯಂತ್ರಕ್ಕೆ ಟೈಪ್ ಎ ಎಂದು ಗುರುತಿರುವುದನ್ನೇ ಕೇಳಿ, ಟೈಪ್ ಎಸಿ ಅಂಥ ಯಂತ್ರದ ಸೋರಿಕೆಯನ್ನು ಕೆಲವೊಮ್ಮೆ ಗುರುತಿಸುವುದಿಲ್ಲ.

ಹೀಗೆ ಒಡೆದಾಗ ಪ್ರತಿ ಆರ್‌ಸಿಸಿಬಿಯ ನ್ಯೂಟ್ರಲ್ ಅದರದೇ ಆಗಿ ಬೇರೆ ಉಳಿಯಬೇಕು. ಒಂದರ ಫೇಸು, ಇನ್ನೊಂದರ ನ್ಯೂಟ್ರಲ್ ಸೇರಿದರೆ ಎರಡೂ ಕಾರಣವಿಲ್ಲದೆ ಬೀಳುತ್ತವೆ. ಮನೆ ಕತ್ತಲಾಗುತ್ತದೆಂಬ ಕರೆಗಳಲ್ಲಿ ಬಹುಪಾಲು ಇದೇ ತಪ್ಪು, ಅದರಲ್ಲೂ ಇನ್ವರ್ಟರ್ ಬ್ಯಾಟರಿ ಜೋಡಿಸುವಾಗ ಆದದ್ದು. ದುಃಖದ ಸಂಗತಿಯೆಂದರೆ, ತಪ್ಪು ಹುಡುಕಲು ಬೇಸರಪಟ್ಟು ಆರ್‌ಸಿಸಿಬಿಯನ್ನೇ ದಾಟಿಸಿ ತಂತಿ ಕಟ್ಟಿಬಿಡುವವರಿದ್ದಾರೆ. ಒಮ್ಮೆ ಒಂದು ಮನೆಯಲ್ಲಿ ಬಟ್ಟೆಯ ಯಂತ್ರ ಮುಟ್ಟಿದರೆ ಜುಮ್ಮೆನ್ನುತ್ತದೆಂದು ವರ್ಷಗಟ್ಟಲೆ ಹವಾಯಿ ಚಪ್ಪಲಿ ಹಾಕಿಕೊಂಡೇ ಬಟ್ಟೆ ಒಗೆಯುತ್ತಿದ್ದರು. ಪೆಟ್ಟಿಗೆ ಬಿಚ್ಚಿದರೆ ಆರ್‌ಸಿಸಿಬಿ ಬರೀ ಅಲಂಕಾರಕ್ಕಿತ್ತು.

ಆರ್‌ಸಿಸಿಬಿ ಇದೆಯೆಂದು ಅರ್ತನ್ನು ಕಡೆಗಣಿಸುವಂತಿಲ್ಲ. ಎರಡೂವರೆ ಮೀಟರ್ ಉದ್ದದ ಕೊಳವೆಯನ್ನು ಪೂರ್ತಿ ಇಳಿಸಬೇಕು; ಕಲ್ಲು ಸಿಕ್ಕಿತೆಂದು ಅರ್ಧಕ್ಕೆ ಕತ್ತರಿಸಲು ಬಿಡಬೇಡಿ, ಬೇರೆ ಜಾಗ ನೋಡಿ. ಎರಡು ಅರ್ತ್‌ಗಳನ್ನು ದೂರ ದೂರ ಹಾಕಿ ಒಟ್ಟಿಗೆ ಜೋಡಿಸಿದರೆ ತಡೆ ಇಳಿಯುತ್ತದೆ. ಒಗೆದ ನೀರು ಹರಿಯುವ ಬಾಳೆಬುಡದ ಹತ್ತಿರದ ತೇವದ ಮಣ್ಣು ಇದಕ್ಕೆ ಅನುಕೂಲ. ಸಿಡಿಲಿನ ಏರಿಳಿತಕ್ಕೆ ಪೆಟ್ಟಿಗೆಯಲ್ಲಿ ಸರ್ಜ್ ರಕ್ಷಕ ಹಾಕಿಸುವವರು ಅದರ ಅರ್ತ್ ತಂತಿಯನ್ನು ಅರ್ಧ ಮೀಟರಿಗಿಂತ ಉದ್ದ ಬಿಡಬಾರದು. ಪ್ಲಗ್ ಕೀಳುವ ಅಭ್ಯಾಸ ಅದಿದ್ದರೂ ಇರಲಿ.

ಐದನೆಯ ಹೆಜ್ಜೆ: ಗೋಡೆ ಮುಚ್ಚುವ ಮೊದಲು ಮತ್ತು ಆಮೇಲೆ

ತಾರಸಿಯ ಮೂಲಕ ಹೋಗುವ ಕೊಳವೆಗಳನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕಂಬಿಯ ನಡುವೆ ಮಲಗಿಸಬೇಕಾದ್ದರಿಂದ ಮೇಲಿನ ನಿರ್ಧಾರಗಳೆಲ್ಲ ಅದಕ್ಕೂ ಮುಂಚೆ ಆಗಬೇಕು. ಮೇ ಕೊನೆಯ ಪತ್ತನಾಜೆಯೊಳಗೆ ತಾರಸಿ ಮುಗಿಸುವ ಅವಸರದಲ್ಲಿ ಮೊದಲು ಮರೆಯುವುದೇ ವರ್ಕ್ ಏರಿಯಾದ ಕೊಳವೆ. ಮುರಕಲ್ಲಿನ ಗೋಡೆಯಲ್ಲಿ ಕೊಳವೆ ಕೂರುವ ಸೀಳನ್ನು ಯಂತ್ರದಿಂದ ನೇರ ಮೇಲೆ ಕೆಳಗೆ ಕೊಯ್ಯಿಸಿ. ಉದ್ದಕ್ಕೂ ಅಡ್ಡ ಕೊಯ್ದರೆ ಗೋಡೆ ಬಲಗೆಡುತ್ತದೆ, ಮುಂದೆ ಕಪಾಟಿಗೆ ಮೊಳೆ ಹೊಡೆಯುವವನಿಗೆ ಕೊಳವೆ ಎಲ್ಲಿದೆಯೆಂದು ಊಹಿಸಲೂ ಆಗುವುದಿಲ್ಲ.

ತಂತಿಯ ಮೇಲೆ ಐಎಸ್‌ಐ ಗುರುತನ್ನೂ ಅಳತೆಯನ್ನೂ ನೀವೇ ಓದಿ. ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ತಿಗೆ ಹಸಿರು. ಕಪ್ಪು ಮುಗಿಯಿತೆಂದು ಹಸಿರು ತಂತಿಯನ್ನು ನ್ಯೂಟ್ರಲಿಗೆ ಬಳಸಿದವನನ್ನು ಆ ದಿನವೇ ಕೆಲಸದಿಂದ ಬಿಡಿಸಿದ್ದೇನೆ. ಗೋಡೆಯೊಳಗೆ ತಂತಿಯ ಗಂಟು ಇರಕೂಡದು, ಜೋಡಣೆ ಪೆಟ್ಟಿಗೆಯಲ್ಲಿ ಮಾತ್ರ. ಸಾರಣೆಗೆ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಅಳತೆಪಟ್ಟಿಯನ್ನು ಗೋಡೆಗೆ ಹಿಡಿದುಕೊಂಡು.

ಕೆಲಸ ಮುಗಿದ ಮೇಲೆ ವೈರ್‌ಮನ್ ಮೂರು ಪರೀಕ್ಷೆಗಳನ್ನು ನಿಮ್ಮ ಎದುರಿಗೇ ಮಾಡಲಿ. 500 ವೋಲ್ಟಿನ ಮೆಗ್ಗರಿನಲ್ಲಿ ತಂತಿಗಳ ನಡುವಿನ ಇನ್ಸುಲೇಶನ್ 1 ಮೆಗಾಓಮಿಗಿಂತ ಕಡಿಮೆ ಇರಕೂಡದು. ಪ್ರತಿ ಸಾಕೆಟಿನಲ್ಲೂ ಎದುರಿನಿಂದ ನೋಡಿದಾಗ ಬಲಗಡೆಯ ತೂತು ಫೇಸು, ಎಡಗಡೆಯದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ತ್ ಎಂದು ಖಚಿತವಾಗಬೇಕು. ಅರ್ತಿನ ತಡೆಯನ್ನು ಬರೆದಿಟ್ಟು, ಮುಂದಿನ ಏಪ್ರಿಲಿನಲ್ಲಿ ಮತ್ತೆ ಅಳೆಯಿಸಿ. ಆಮೇಲೆ ನಿಮ್ಮ ಬೆಳಗಿನ ಪಟ್ಟಿಯಲ್ಲಿರುವುದನ್ನೆಲ್ಲ ಒಂದು ಗಂಟೆ ಒಟ್ಟಿಗೆ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗುಗಳನ್ನು ಕೀಳುತ್ತ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿಯಿದ್ದರೆ ಆ ಸಾಕೆಟಿನ ತಿರುಪು ಸಡಿಲವಿರಬಹುದು.

ಪೆಟ್ಟಿಗೆಯ ಬಾಗಿಲ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಎಂಬ ಚೀಟಿಯನ್ನು ಕನ್ನಡದಲ್ಲಿ ಬರೆದು ಅಂಟಿಸಿ. ನಮ್ಮಲ್ಲಿ ಎಷ್ಟೋ ಪೆಟ್ಟಿಗೆಗಳಲ್ಲಿ ವೈರ್‌ಮನ್ ಮಲಯಾಳದಲ್ಲಿ ಬರೆದು ಹೋಗಿರುತ್ತಾನೆ, ಮನೆಯ ಅಜ್ಜಿಗೆ ಅದು ಓದಲು ಬರುವುದಿಲ್ಲ. ಆಪತ್ತಿನ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರುವುದು ಹೆಚ್ಚಾಗಿ ಅವರೇ. ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಪರೀಕ್ಷೆಯ ಗುಂಡಿ ಇರುತ್ತದೆ. ಅದನ್ನು ತಿಂಗಳಿಗೊಮ್ಮೆ ಒತ್ತಬೇಕು. ದಿನ ಮರೆಯದಿರಲೆಂದು ನಾನು ಹೋದ ಮನೆಗಳಲ್ಲಿ ಸಂಕ್ರಮಣಕ್ಕೆ ಗಂಟುಹಾಕಿಕೊಟ್ಟಿದ್ದೇನೆ. ಒತ್ತಿದಾಗ ಅದು ಟಪ್ಪೆಂದು ಬಿದ್ದರೆ ಮೇಲೆತ್ತಿ ಬಿಡಿ. ಬೀಳದಿದ್ದರೆ ಅದರ ಕೆಳಗಿನ ಎಂಸಿಬಿಗಳನ್ನೆಲ್ಲ ಆರಿಸಿ, ಹೊಸದು ಬಂದು ಕೂರುವವರೆಗೆ ಬಟ್ಟೆಯನ್ನು ಕಲ್ಲಿನ ಮೇಲೆ ಒಗೆಯಿರಿ.